ಮರಿಗಳ ಹೊಟ್ಟೆಗೆ ಹೆಪ್ಪು

ಕಾನ್ವೆಂಟಿನಲ್ಲಿ ಓದಿದ ಹೆಣ್ಣುಮಕ್ಕಳಿಗೆ ಕೆಲವು ಅಭ್ಯಾಸಗಳು ಮದುವೆಯಾದ ಮೇಲೂ ಬಿಡುವುದಿಲ್ಲ. ಏನಾದರೂ ಕೇಳಬೇಕಾದರೆ ಮೊದಲು ಕೈ ಎತ್ತುತ್ತೇವೆ. ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುತ್ತೇವೆ. ಕ್ರಿಮಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಸೋಪು ಹುಡುಕುತ್ತೇವೆ. ನಮ್ಮ ಸಿಸ್ಟರುಗಳು ಇವನ್ನೆಲ್ಲ ಬೆತ್ತ ಮುಟ್ಟದೆ, ಬರೀ ಹುಬ್ಬು ಏರಿಸಿಯೇ ಕಲಿಸಿದವರು. ಆ ಹುಬ್ಬಿನ ಶಕ್ತಿ ಎಂಥದೆಂದರೆ, ಇವತ್ತಿಗೂ ಬಸ್ಸಿನಲ್ಲಿ ಕಂಡಕ್ಟರನನ್ನು ಮಾತಾಡಿಸಬೇಕಾದರೆ ನನ್ನ ಬಲಗೈ ತಾನಾಗಿ ಮೇಲೇಳುತ್ತದೆ. ಆತ ಪಾಪ, ಇಳಿಯುವವರಿರಬೇಕೆಂದು ಸೀಟಿ ಊದಿ ಬಸ್ಸು ನಿಲ್ಲಿಸುತ್ತಾನೆ. ಅಷ್ಟು ಜನರೆದುರಿಗೆ "ನಾನು ಇಳಿಯುವವಳಲ್ಲ" ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಹೀಗೆ ಒಮ್ಮೆ ಐಮಂಗಲದಲ್ಲಿ ಏನೂ ಕೆಲಸವಿಲ್ಲದೆ ಇಳಿದು, ಏನೋ ಕೆಲಸವಿರುವವಳ ಹಾಗೆ ಅತ್ತಿತ್ತ ಓಡಾಡಿ, ಮುಂದಿನ ಬಸ್ಸು ಹಿಡಿದು ಮನೆಗೆ ಬಂದಿದ್ದೇನೆ.

ಕೋಳಿಮರಿಗಳು ನಮ್ಮ ಮನೆಗೆ ಬಂದದ್ದೂ ಈ ಕೈಯ ದೆಸೆಯಿಂದಲೇ. ಆಗ ನಾವು ಮಾರಿಕಣಿವೆಯ ಕ್ವಾರ್ಟರ್ಸಿನಲ್ಲಿದ್ದೆವು. ಯಜಮಾನರು ನೀರಾವರಿ ಇಲಾಖೆಯಲ್ಲಿ ನಾಲೆಗಳ ಮೇಲ್ವಿಚಾರಣೆಗಿದ್ದರು. ಮನೆಯಲ್ಲಿ ನಾನು, ಅವರು, ನಮ್ಮತ್ತೆ, ಮೂವರೇ. ಒಂದು ಮಧ್ಯಾಹ್ನ ಮಹಿಳಾ ಸಮಾಜಕ್ಕೆ ಚಿತ್ರದುರ್ಗದಿಂದ ಒಬ್ಬ ಲೇಡಿ ಆಫೀಸರು ಬಂದು, ಹೆಂಗಸರು ಮನೆಮನೆಯಲ್ಲೂ ಸೀಮೆ ಕೋಳಿ ಸಾಕಬೇಕೆಂದು ಭಾಷಣ ಮಾಡಿದರು. ಸುತ್ತಲಿನ ಹಳ್ಳಿಗಳಿಂದ ಬಂದ ಹೆಂಗಸರು ಹುಟ್ಟಿದಾಗಿನಿಂದ ಕೋಳಿಗಳ ನಡುವೆಯೇ ಬೆಳೆದವರು. "ಮೆಷಿನ್ನಾಗೆ ಹುಟ್ಟಿದ್ ಮರಿಗೆ ಅವ್ವ ಯಾರವ್ವಾ?" ಎಂದು ತಮ್ಮತಮ್ಮಲ್ಲೇ ನಗುತ್ತಾ ಕೂತಿದ್ದರು. ಆಫೀಸರು ಕೊನೆಗೆ, "ಮೊದಲನೇ ತಂಡದ ಮರಿಗಳನ್ನು ಯಾರು ತೆಗೆದುಕೊಳ್ಳುತ್ತೀರಿ?" ಎಂದರು. ಅದೇ ಹೊತ್ತಿಗೆ ನನಗೊಂದು ಸಂಶಯ ಬಂದಿತ್ತು. ಈ ಮರಿಗಳು ಕೊಕ್ಕಿನಿಂದ ಕುಕ್ಕುತ್ತವೆಯೇ ಎಂದು ಕೇಳೋಣವೆಂದು ಕೈ ಎತ್ತಿದೆ. ಸಭೆಯಲ್ಲಿ ಚಪ್ಪಾಳೆಯಾಯಿತು. ಹಾರ ಹಾಕುವ ಹೊತ್ತಿಗೆ ನನ್ನ ಸಂಶಯ ಗಂಟಲಲ್ಲೇ ಉಳಿಯಿತು.

ನಮ್ಮದು ಮೊಟ್ಟೆಯನ್ನು ಅಂಗಡಿಯಲ್ಲಿ ಕಂಡರೂ ರಸ್ತೆಯ ಆಚೆ ಬದಿಗೆ ಹೋಗುವ ಮನೆ. ಅತ್ತೆ ಹಣೆ ತುಂಬ ವಿಭೂತಿ ಇಟ್ಟು, ಪೂಜೆ ಮುಗಿಯುವವರೆಗೆ ನೀರೂ ಕುಡಿಯದವರು. ಜೀಪಿನಿಂದ ತೂತಿನ ರಟ್ಟಿನ ಡಬ್ಬಗಳು ಇಳಿದು, ಒಳಗಿನಿಂದ ಚಿಂವ್ ಚಿಂವ್ ಎಂಬ ಸದ್ದು ಕೇಳಿದಾಗ ಅವರು ಬಾಗಿಲಲ್ಲಿ ನಿಂತು, "ಏನೇ ಅದು, ರೇಡಿಯೋ ಕೆಟ್ಟೈತಾ?" ಎಂದರು. ವಿಷಯ ತಿಳಿದ ಮೇಲೆ ಬೈಯಲಿಲ್ಲ. ಬೈಯದಿದ್ದದ್ದೇ ನನಗೆ ಹೆಚ್ಚು ಹೆದರಿಕೆಯಾಯಿತು. "ಸರ್ಕಾರದೋರು ಕೊಟ್ಟಾರೆ, ವಾಪಸ್ ಕಳ್ಸಾಕೆ ಆಗಲ್ಲ. ಹಿತ್ತಲಾಗಿನ ಸೌದೆ ಕೋಣೇಲಿ ಇಟ್ಕ. ನಾ ಅತ್ತಾಗೆ ಬರಲ್ಲ, ಅವು ಇತ್ತಾಗೆ ಬರಬಾರ್ದು. ನನ್ನ ಅಡಿಗೆ ಮನೇದು ಒಂದು ಕಾಳೂ ಅವಕ್ಕೆ ಹೋಗಬಾರ್ದು" ಎಂದು ಗಡಿ ಹಾಕಿದರು. ಎರಡು ದೇಶಗಳ ನಡುವಿನ ಒಪ್ಪಂದವೂ ಇಷ್ಟು ಸ್ಪಷ್ಟವಾಗಿರಲಾರದು.

ಸೌದೆ ಕೋಣೆಯನ್ನು ನಾನು ಸಿಸ್ಟರುಗಳು ಮೆಚ್ಚುವ ಹಾಗೆ ಸಜ್ಜು ಮಾಡಿದೆ. ನೆಲಕ್ಕೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಫಿನಾಯಿಲು. ಕಾಯಿಸಿ ಆರಿಸಿದ ನೀರು, ಅದಕ್ಕೊಂದು ಚಿಟಿಕೆ ಪರ್ಮಾಂಗನೇಟ್. ಹಾಸಲು ಬಿಸಿಲಲ್ಲಿ ಒಣಗಿಸಿದ ಶೇಂಗಾ ಸಿಪ್ಪೆ. ಕಾವಿಗೆ ಬುಟ್ಟಿಯೊಳಗೊಂದು ಬಲ್ಬು. ಮರಿಗಳು ಅರಿಶಿನದ ಉಂಡೆಗಳ ಹಾಗಿದ್ದವು. ನೀರು ಕುಡಿದು ಪ್ರತಿಯೊಂದೂ ತಲೆಯನ್ನು ಮೇಲೆತ್ತಿ ಆಕಾಶ ನೋಡುತ್ತಿದ್ದ ರೀತಿ ಕಂಡರೆ, ನಮ್ಮ ಕಾನ್ವೆಂಟಿನ ಊಟದ ಮನೆಯಲ್ಲಿ ಪ್ರಾರ್ಥನೆ ನಡೆಯುತ್ತಿರುವ ಹಾಗಿತ್ತು. ಇಷ್ಟು ಅಚ್ಚುಕಟ್ಟಿನ ನಡುವೆ ಅವು ಒಂದೊಂದಾಗಿ ರೆಕ್ಕೆ ಜೋಲು ಬಿಟ್ಟವು. ಬಾಲದ ಕೆಳಗೆ ಸುಣ್ಣ ಬಳಿದ ಹಾಗೆ ಬಿಳಿ ಭೇದಿ ಅಂಟಿಕೊಂಡಿತು. ಬೆಳಿಗ್ಗೆ ಬಾಗಿಲು ತೆಗೆದರೆ ಬಲ್ಬಿನ ಕೆಳಗೆ ಒಂದೆರಡು ಮಲಗಿದಲ್ಲೇ ಮಲಗಿರುತ್ತಿದ್ದವು. ಅವನ್ನು ಎತ್ತುವಾಗ ಭಾರವೇ ಇರುತ್ತಿರಲಿಲ್ಲ. ಆ ಭಾರವಿಲ್ಲದಿರುವುದೇ ಅಂಗೈಯಲ್ಲಿ ದಿನವೆಲ್ಲ ಉಳಿಯುತ್ತಿತ್ತು. ನಾನು ಅತ್ತುಕೊಂಡು ಫಿನಾಯಿಲು ಹೆಚ್ಚಿಸಿದೆ. ಮರಿಗಳು ಇನ್ನಷ್ಟು ಬೇಗ ಹೋದವು.

ಯಜಮಾನರ ಸಲಹೆ ಕೇಳಿದೆ. ಅವರು ಪೇಪರಿನಿಂದ ಮುಖ ತೆಗೆಯದೆ, "ನಾಲೆಯಲ್ಲಿ ಸೋರಿಕೆಯಾದರೆ ಜೇಡಿಮಣ್ಣು ಮೆತ್ತುತ್ತೇವೆ" ಎಂದರು. ನಾನು ಒಂದು ಸೊರಗಿದ ಮರಿಯನ್ನು ಹಣ್ಣಿನ ಬುಟ್ಟಿಯಲ್ಲಿಟ್ಟು, ಮೇಲೊಂದು ಕರ್ಚೀಫು ಮುಚ್ಚಿ, ಹಿರಿಯೂರಿನ ದನದ ಡಾಕ್ಟರ ಹತ್ತಿರ ಬಸ್ಸಿನಲ್ಲಿ ಹೋದೆ. ಅವರು ಎತ್ತಿನ ಗೊರಸು ನೋಡುತ್ತಿದ್ದರು. "ಬರ್ರಿ ತಾಯಿ, ಕುಂತ್ಕಳ್ರಿ" ಎಂದು ಕೈ ತೊಳೆದುಕೊಂಡು ಬಂದು, ಮರಿಯನ್ನು ತಿರುಗಿಸಿ ನೋಡಿ, "ಏನೇನು ಮಾಡ್ತಿದ್ದೀರಿ ಹೇಳ್ರಿ" ಎಂದರು. ನಾನು ಪಾಠ ಒಪ್ಪಿಸುವವಳ ಹಾಗೆ ಎಲ್ಲವನ್ನೂ ಹೆಮ್ಮೆಯಿಂದ ಹೇಳಿದೆ. ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು.

"ತಾಯಿ, ನೀವು ಕೋಳಿ ಸಾಕ್ತೀರೋ, ಆಪರೇಷನ್ ಥಿಯೇಟರ್ ನಡೆಸ್ತೀರೋ? ಹಾಲು ಕಾಸಿ ಆರ್ಸಿ ಹಂಗೇ ಇಟ್ರೆ ಏನಾಗ್ತೈತೆ?"

"ಕೆಡುತ್ತದೆ."

"ಹೆಪ್ಪು ಹಾಕಿಟ್ರೆ?"

"ಮೊಸರಾಗುತ್ತದೆ."

"ಅಷ್ಟೇ ನೋಡ್ರಿ ವಿಷಯ! ಮೆಷಿನ್ನಾಗೆ ಹುಟ್ಟಿದ ಮರಿ ಹೊಟ್ಟೆ ಕಾಸಿ ಆರ್ಸಿದ ಹಾಲಿದ್ದಂಗೆ. ತಾಯಿ ಕೋಳಿ ಹಿಂದೆ ತಿಪ್ಪೆ ಕೆದರಿದ್ರೆ ಒಳ್ಳೆ ಕ್ರಿಮಿ ತಾವಾಗೇ ಒಳಗೆ ಹೋಗಿ ಕುಂತ್ಕಂತಿದ್ವು. ಇವಕ್ಕೆ ತಾಯಿ ಇಲ್ಲ, ತಿಪ್ಪೆ ಇಲ್ಲ, ಮೇಲೆ ನಿಮ್ಮ ಫಿನಾಯಿಲು ಬ್ಯಾರೆ. ಖಾಲಿ ಮನೆ ಕಂಡು ಕೆಟ್ಟವು ಬಂದು ಸೇರ್ಕಂಡಾವೆ. ಹೊಟ್ಟೆಗೆ ಹೆಪ್ಪು ಹಾಕ್ರಿ ತಾಯಿ, ಹೆಪ್ಪು! ದಿನಾ ಹುಳಿ ಮೊಸರು ನೀರಿಗೆ ಕದಡಿ ಇಡ್ರಿ. ಹೊರದೇಶದಾಗೆ ಈಗ ಇದನ್ನೇ ಪುಡಿ ಮಾಡಿ ಪೊಟ್ಟಣ ಕಟ್ತಾರಂತೆ. ನಮಗೆ ಗಡಿಗೇಲೇ ಐತೆ."

ಒಳ್ಳೆಯ ಕ್ರಿಮಿ! ನನಗೆ ಅದು ಮರ್ಯಾದಸ್ಥ ಕಳ್ಳ ಎಂದ ಹಾಗೆ ಕೇಳಿಸಿತು. ಕ್ರಿಮಿಗಳಲ್ಲಿ ಒಳ್ಳೆಯವೂ ಇರುತ್ತವೆಂದು ಸಿಸ್ಟರುಗಳು ನಮಗೆ ಹೇಳಿರಲಿಲ್ಲ. ಇಷ್ಟು ವರ್ಷ ನಾನು ದಿನಾ ಎರಡು ಹೊತ್ತು ಅನ್ನಕ್ಕೆ ಕಲಸಿಕೊಂಡು ತಿಂದದ್ದು ಇವುಗಳನ್ನೇ ಎಂದು ಬಸ್ಸಿನಲ್ಲಿ ಯೋಚಿಸುತ್ತಾ ಬಂದೆ. ಬುಟ್ಟಿಯೊಳಗಿನಿಂದ ಚಿಂವ್ ಎಂದಾಗಲೆಲ್ಲ ಪಕ್ಕದಲ್ಲಿ ಕೂತಿದ್ದವರು ನನ್ನ ಮುಖ ನೋಡುತ್ತಿದ್ದರು. ನಾನು ಕೆಮ್ಮುತ್ತಿದ್ದೆ.

ಹೇಳಿದಷ್ಟು ಸುಲಭವಾಗಿರಲಿಲ್ಲ ಹೆಪ್ಪು. ನಮ್ಮ ಮನೆಯಲ್ಲಿ ಮೊಸರೆಂದರೆ ಅತ್ತೆಯ ರಾಜ್ಯ. ಅವರ ಹೆಪ್ಪು ಹೊಸದುರ್ಗದ ಕಡೆಯ ಅವರ ತವರಿನದು. ಮದುವೆಯಾಗಿ ಬರುವಾಗ ಅವರ ತಾಯಿ ಬಟ್ಟೆಯ ಚೂರನ್ನು ಮೊಸರಿನಲ್ಲಿ ಅದ್ದಿ, ಒಣಗಿಸಿ, ಸೆರಗಿನ ತುದಿಗೆ ಕಟ್ಟಿ ಕಳಿಸಿದ್ದರಂತೆ. ಅಲ್ಲಿಂದೀಚೆಗೆ ಆ ಎಳೆ ಒಮ್ಮೆಯೂ ಕಡಿದಿರಲಿಲ್ಲ. ಎಷ್ಟೋ ಊರುಗಳಿಗೆ ವರ್ಗವಾಗಿ ಬಂದಾಗಲೂ ಮೊದಲು ಲಾರಿ ಹತ್ತುತ್ತಿದ್ದದ್ದು ಮೊಸರಿನ ಗಡಿಗೆ, ಆಮೇಲೆ ಮಗ. ಮಂಗಳವಾರ, ಶುಕ್ರವಾರ ಹೆಪ್ಪು ಹೊರಗೆ ಕೊಡುತ್ತಿರಲಿಲ್ಲ. ದೀಪ ಹಚ್ಚಿದ ಮೇಲಂತೂ ಕೇಳುವ ಹಾಗೇ ಇಲ್ಲ. ಒಮ್ಮೆ ಇಂಜಿನಿಯರ ಮನೆಯವರು ಮುಸ್ಸಂಜೆಯಲ್ಲಿ ಬಟ್ಟಲು ಹಿಡಿದು ಬಂದರೆ, "ಬೆಳಿಗ್ಗೆ ಬರ್ರಮ್ಮ, ಹೆಪ್ಪು ಮಲಗೈತೆ" ಎಂದು ಕಳಿಸಿದವರು. ಇಂಥ ಹೆಪ್ಪನ್ನು ಕೋಳಿಗೆ ಕೊಡಿ ಎಂದು ಯಾವ ಬಾಯಿಂದ ಕೇಳುವುದು? ಇತ್ತ ಸೌದೆ ಕೋಣೆಯಲ್ಲಿ ಮರಿಗಳು ದಿನದಿನಕ್ಕೆ ಕಡಿಮೆಯಾಗುತ್ತಿದ್ದವು.

ಮರುದಿನ ಬೆಳಿಗ್ಗೆ ಅಡಿಗೆ ಮನೆಯ ಹೊಸಿಲಲ್ಲಿ ನಿಂತು, "ಅತ್ತೆ, ದಿನಾ ಒಂದು ಬಟ್ಟಲು ಹುಳಿ ಮೊಸರು ಬೇಕಿತ್ತು" ಎಂದೆ.

"ಯಾಕೆ?"

"ಹೊಟ್ಟೆಗೆ."

ಯಾರ ಹೊಟ್ಟೆಗೆ ಎಂದು ಅವರು ಕೇಳಲಿಲ್ಲ. ಕೇಳದ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಅತ್ತೆ ಒಂದು ಗಳಿಗೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ನೆಲುವಿನಿಂದ ಗಡಿಗೆ ಇಳಿಸಿ, ಮೇಲಿನ ಕೆನೆಯ ಸಮೇತ ಬಟ್ಟಲು ತುಂಬಿ ಕೊಟ್ಟರು. ಕೆನೆ ಯಾವಾಗಲೂ ಮಗನಿಗೆ ಮೀಸಲು. ನನಗೆ ಆಶ್ಚರ್ಯವಾಯಿತು. "ಹೊರಗೆ ಬಿಸಿಲಿಗೆ ಒಯ್ಯುತ್ತೇನೆ" ಎಂದು ಹಿತ್ತಲಿಗೆ ಹೋದೆ. "ಹ್ಞೂಂ ಹೋಗು, ನನ್ನ ಮುಂದೆ ಏನು ನಾಚ್ಕೆ" ಎಂದು ಹಿಂದಿನಿಂದ ಅವರು ನಕ್ಕದ್ದು ಕೇಳಿಸಿತು. ಮೊಸರು ಕುಡಿಯಲು ನಾಚಿಕೆಯೇಕೆಂದು ನನಗೆ ಹೊಳೆಯಲಿಲ್ಲ.

ಮೊಸರು ಕದಡಿದ ನೀರಿಗೆ ಮರಿಗಳು ಮೊದಲು ಮುಖ ಸಿಂಡರಿಸಿದವು. ಆಮೇಲೆ ಒಂದು ಧೈರ್ಯವಂತ ಮರಿ ಕೊಕ್ಕು ಅದ್ದಿ ಆಕಾಶ ನೋಡಿತು. ಉಳಿದವು ಅದನ್ನು ನೋಡಿದವು. ಕೆಲವೇ ದಿನಗಳಲ್ಲಿ ಬಾಲಗಳು ಚೊಕ್ಕಟವಾದವು, ರೆಕ್ಕೆಗಳು ಮೇಲೆದ್ದವು. ನಾನು ಬಟ್ಟಲು ಹಿಡಿದು ಬಾಗಿಲು ತೆಗೆದರೆ ಸಾಕು, ಸಂತೆಯಲ್ಲಿ ಬಟ್ಟೆಯಂಗಡಿ ತೆರೆದ ಹಾಗೆ ನುಗ್ಗಿ ಬರುತ್ತಿದ್ದವು. ಫಿನಾಯಿಲಿನ ಡಬ್ಬ ಮೂಲೆ ಸೇರಿತು. ಬಟ್ಟಲು ದಿನದಿನಕ್ಕೂ ದೊಡ್ಡದಾಯಿತು. ಇನ್ನೊಂದಿಷ್ಟು ಹುಳಿಯಾಗಿದ್ದರೆ ಒಳ್ಳೆಯದಿತ್ತು ಎಂದು ಹೇಳಿದ ದಿನ ಅತ್ತೆಯ ಕಣ್ಣಲ್ಲಿ ನೀರು ಬಂತು. ಒಲೆಯ ಹೊಗೆಯಿರಬೇಕೆಂದುಕೊಂಡೆ.

ಅದೇ ದಿನಗಳಲ್ಲಿ ಕಾಲೋನಿಯವರೆಲ್ಲ ಇದ್ದಕ್ಕಿದ್ದಂತೆ ನನ್ನ ಮೇಲೆ ಪ್ರೀತಿ ತೋರತೊಡಗಿದರು. ನಾಲೆಯ ಏರಿ ದಾಟಿ ಎಮ್ಮೆ ಹಾಲು ತರುತ್ತಿದ್ದ ತಿಮ್ಮಕ್ಕ ಮಡಿಲಿನಿಂದ ಹುಣಿಸೆ ಚಿಗುರು ತೆಗೆದು ಕೊಟ್ಟು, "ತಿನ್ನವ್ವ, ಆಸೆ ಇಟ್ಕಬ್ಯಾಡ" ಎಂದಳು. ಇಂಜಿನಿಯರ ಮನೆಯಿಂದ ಮಾವಿನಕಾಯಿ ಉಪ್ಪಿನಕಾಯಿ ಬಂತು. ನೀರಿನ ಕೊಡ ಎತ್ತಲು ಹೋದರೆ ಯಾರಾದರೂ ಓಡಿಬಂದು ಕಸಿದುಕೊಳ್ಳುತ್ತಿದ್ದರು. ಈ ಸೀಮೆಯ ಜನ ಎಷ್ಟು ಒಳ್ಳೆಯವರೆಂದು ನಾನು ತವರಿಗೆ ಹೋದಾಗ ಹೇಳಬೇಕೆಂದುಕೊಂಡೆ. ಒಂದು ಸಂಜೆ ಯಜಮಾನರು ಸಿಹಿಯ ಪೊಟ್ಟಣ ಹಿಡಿದು ಬಂದರು. ಆಫೀಸಿನಲ್ಲಿ ಸಾಹೇಬರು ಬೆನ್ನು ತಟ್ಟಿ, "ಏನ್ರೀ, ಒಳ್ಳೆ ಸುದ್ದಿಯಂತಲ್ಲ!" ಎಂದರಂತೆ. ಅವರು ಬಡ್ತಿಯ ಸುದ್ದಿ ಎಂದುಕೊಂಡು, "ಎಲ್ಲಾ ತಮ್ಮ ಆಶೀರ್ವಾದ ಸಾರ್" ಎಂದು ಕೈ ಮುಗಿದರಂತೆ. ಸಾಹೇಬರು ಯಾಕೋ ಗಾಬರಿಯಾಗಿ ಎದ್ದು ಹೋದರೆಂದು ಆಶ್ಚರ್ಯಪಡುತ್ತಿದ್ದರು.

ಇದೆಲ್ಲ ಬಯಲಾದದ್ದು ಅತ್ತೆಯ ತಂಗಿ ಚಿಕ್ಕಜಾಜೂರಿನಿಂದ ಬಂದ ದಿನ. ನಾನು ಅವರನ್ನು ಚಿಕ್ಕತ್ತೆ ಎನ್ನುತ್ತಿದ್ದೆ. ದೊಡ್ಡ ಗಂಟಿನ ತುಂಬ ಕರಿಗಡುಬು, ಕೊಬ್ಬರಿ ಮಿಠಾಯಿ ತಂದಿದ್ದರು. ಬಂದವರೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎರಡೂ ಕೈಗೆ ಹಸಿರು ಗಾಜಿನ ಬಳೆ ಏರಿಸಿದರು. ಅತ್ತೆ ಎದುರಿಗೆ ಕಂಬಕ್ಕೊರಗಿ ಕೂತರು. ಮಡಿಲಲ್ಲಿ ಹೊಸದೊಂದು ಹಸಿರು ಸೀರೆ.

"ಈಗ ಹೆಂಗೈತವ್ವ ಹೊಟ್ಟೆ?" ಎಂದು ಚಿಕ್ಕತ್ತೆ ಕೇಳಿದರು.

ಬಟ್ಟಲಿನ ಗುಟ್ಟು ಇವರಿಗೆ ಹೇಗೋ ತಿಳಿದುಬಿಟ್ಟಿದೆ, ಆದರೂ ಯಾರೂ ಬೈಯುತ್ತಿಲ್ಲ ಎಂದು ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಈಗ ಏನೂ ತೊಂದರೆಯಿಲ್ಲ ಚಿಕ್ಕತ್ತೆ. ಮೊದಮೊದಲು ಬಹಳ ಹೆದರಿದ್ದೆ. ಮೊಸರು ಶುರು ಮಾಡಿದ ಮೇಲೆ ಭೇದಿಯೆಲ್ಲ ನಿಂತಿತು" ಎಂದೆ.

"ಅದೂ ಆಗಿತ್ತಾ ಪಾಪ! ಎಷ್ಟು ತಿಂಗಳಾತು?"

"ತಿಂಗಳೆಲ್ಲಿ ಬಂತು, ಇನ್ನೂ ಮೂರೋ ನಾಲ್ಕೋ ವಾರ."

"ಅಷ್ಟಕ್ಕೇ ಬಯಕೆಯಾ! ಅಕ್ಕಾ, ಈಗಿನ ಹುಡುಗೀರದೆಲ್ಲ ಎಕ್ಸ್‌ಪ್ರೆಸ್ಸು ಬಿಡು. ಯಾರಿಗೆ ತೋರ್ಸಿದ್ಯವ್ವ?"

"ಹಿರಿಯೂರಿನ ದನದ ಡಾಕ್ಟರಿಗೆ."

ಚಿಕ್ಕತ್ತೆಯ ಕೈಯಲ್ಲಿದ್ದ ಕರಿಗಡುಬು ಅಲ್ಲೇ ನಿಂತಿತು. ನಾನು ಉತ್ಸಾಹದಲ್ಲಿ ಮುಂದುವರಿಸಿದೆ. "ಒಳ್ಳೆಯ ಡಾಕ್ಟರು. ಅವುಗಳಲ್ಲಿ ಎರಡು ಮಾತ್ರ ಇನ್ನೂ ಸ್ವಲ್ಪ ಬಡಕಲು. ಉಳಿದವೆಲ್ಲ ಗಟ್ಟಿಮುಟ್ಟು."

"ಎರಡು?" ಎಂದರು ಅತ್ತೆ. "ಎಲ್ಲಾ ಸೇರಿ ಎಷ್ಟವೆ?"

"ಈಗ ನಲವತ್ತರ ಮೇಲಿವೆ ಅತ್ತೆ."

ಆ ಹೊತ್ತಿಗೆ ಹಿತ್ತಲ ಬಾಗಿಲು ತಳ್ಳಿಕೊಂಡು, ಬಳೆಯ ಸದ್ದನ್ನು ಬಟ್ಟಲಿನ ಸದ್ದೆಂದುಕೊಂಡವೋ ಏನೋ, ಮರಿಗಳು ಒಂದರ ಹಿಂದೊಂದು ನಡುಮನೆಗೆ ಬಂದವು. ಕೆಲವಕ್ಕೆ ಆಗಲೇ ಬಿಳಿ ಗರಿ ಮೂಡುತ್ತಿತ್ತು. ಅವು ಅತ್ತೆ ಹಾಕಿದ ಗಡಿ ದಾಟಿ, ಹಸಿರು ಸೀರೆಯ ಸುತ್ತ ನೆರೆದು, ಮೊಸರಿಗಾಗಿ ಅವರ ಮುಖ ನೋಡಿದವು. ಒಂದು ಮರಿ ಅವರ ಹೆಬ್ಬೆರಳನ್ನೊಮ್ಮೆ ಕುಕ್ಕಿತು.

ಅತ್ತೆ ಮರಿಗಳನ್ನು ನೋಡಿದರು, ನನ್ನ ಹೊಟ್ಟೆಯನ್ನು ನೋಡಿದರು, ಮತ್ತೆ ಮರಿಗಳನ್ನು ನೋಡಿದರು. ಆ ನೋಟ ಎರಡನೆಯ ಸಲ ತಿರುಗುವಾಗ ನನಗೆ ಎಲ್ಲವೂ ಒಟ್ಟಿಗೇ ಹೊಳೆಯಿತು: ಕೆನೆ, ಹುಣಿಸೆ ಚಿಗುರು, ನೀರಿನ ಕೊಡ, ಸಾಹೇಬರು ಎದ್ದು ಹೋದದ್ದು. ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಚಿಕ್ಕತ್ತೆ ಬಾಯಿಗೆ ಸೆರಗು ತುರುಕಿಕೊಂಡು ನಗು ತಡೆಯುತ್ತಿದ್ದರು. ಅವರ ಭುಜ ಮಾತ್ರ ಕುಣಿಯುತ್ತಿತ್ತು. ಅತ್ತೆ ನಗಲಿಲ್ಲ. ಸೀರೆಯನ್ನು ಮಡಿಕೆಯ ಮೇಲೆ ಮಡಿಕೆಯಿಟ್ಟು ಮಡಿಸಿದರು. ಅದು ಆಗಲೇ ಮಡಿಸಿದ್ದ ಸೀರೆ. ಬಿಚ್ಚಿ ಮತ್ತೆ ಮಡಿಸಿದರು. ಬೈಗುಳವಾದರೂ ಬಂದಿದ್ದರೆ ನಾನು ಸಹಿಸುತ್ತಿದ್ದೆ.

"ನನ್ನ ತವರಿನ ಹೆಪ್ಪು ಇವಕ್ಕೆ ಹಾಕಿದ್ಯಾ?" ಎಂದರು ಕೊನೆಗೆ.

"ಹೌದು ಅತ್ತೆ." ನನ್ನ ಸ್ವರ ಮರಿಯ ಸ್ವರಕ್ಕಿಂತ ಸಣ್ಣದಾಗಿತ್ತು.

"ಹಾಕಿದ ಮೇಲೆ ಎಷ್ಟು ಸತ್ತವು?"

"ಒಂದೂ ಇಲ್ಲ."

"ಒಂದೂ ಇಲ್ವಾ?" ಅತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡರು. "ಡಾಕ್ಟ್ರು ಸೂಜಿ ಗೀಜಿ ಏನಾರ ಚುಚ್ಚಿದ್ರಾ?"

"ಇಲ್ಲ. ಬರೀ ನಿಮ್ಮ ಮೊಸರು."

ಅತ್ತೆ ತಂಗಿಯ ಕಡೆ ತಿರುಗಿದರು. "ನಗ್ತೀಯೇನೇ? ಅವ್ವ ನಿನಗೂ ಇದೇ ಹೆಪ್ಪು ಕೊಟ್ಟಿದ್ಲು. ಜಾಜೂರಿಗೆ ಹೋದ ವರ್ಷಕ್ಕೇ ಕೆಡಿಸ್ಕಂಡೆ. ನೋಡಿಲ್ಲಿ, ಸರ್ಕಾರದ ಮರಿ, ಡಾಕ್ಟ್ರು ಕೈಲಿ ಆಗದೋವು, ನನ್ನ ಹೆಪ್ಪಿಗೆ ಬದುಕ್ಯಾವೆ!" ಚಿಕ್ಕತ್ತೆಯ ಭುಜದ ಕುಣಿತ ಥಟ್ಟನೆ ನಿಂತಿತು. ಇನ್ನು ಅಕ್ಕತಂಗಿಯರ ಹಳೆಯ ವ್ಯಾಜ್ಯ ತೆರೆದುಕೊಂಡ ಮೇಲೆ ನನ್ನ ಹೊಟ್ಟೆಯ ಕಡೆ ಯಾರೂ ತಿರುಗಲಿಲ್ಲ.

ಅಂದಿನಿಂದ ಮೊಸರು ನಿಲ್ಲಲಿಲ್ಲ. ಕೆನೆ ಮಾತ್ರ ಯಜಮಾನರಿಗೆ ವಾಪಸಾಯಿತು. ಸೌದೆ ಕೋಣೆಯ ಕಡೆ ಕಾಲಿಡುವುದಿಲ್ಲವೆಂದ ಅತ್ತೆ, "ಬಾಗಿಲಲ್ಲೇ ನಿಂತ್ಕಂತೀನಿ" ಎಂದು ಬಂದು ನಿಂತು, "ಆ ಮೂಲೇದಕ್ಕೆ ಸಿಕ್ಕಿಲ್ಲ ನೋಡು" ಎಂದು ಅಲ್ಲಿಂದಲೇ ಉಸ್ತುವಾರಿ ನಡೆಸಿದರು. ತಿಮ್ಮಕ್ಕನಿಗೆ ಅವರು ಏನು ಹೇಳಿದರೋ ತಿಳಿಯದು. ಅವಳು ನನ್ನನ್ನು ಕಂಡಾಗಲೆಲ್ಲ ಚೊಂಬಿನ ಹಿಂದೆ ಮುಖ ಮರೆಮಾಡಿಕೊಂಡು ನಗುತ್ತಿದ್ದಳು. ಆದರೂ ತನ್ನ ನಾಟಿ ಕೋಳಿ ಕಾವಿಗೆ ಕೂರಲಿಲ್ಲವೆಂದು ಸೀಮೆ ಮರಿ ತಂದಾಗ ಬಟ್ಟಲು ಹಿಡಿದು ಬಂದವಳೂ ಅವಳೇ. ಅವಳ ಹಿಂದೆ ಮಹಿಳಾ ಸಮಾಜವೇ ಬಂತು. ಅತ್ತೆ ಎಲ್ಲರ ಮರಿಗಳಿಗೂ ಹೆಪ್ಪು ಕೊಟ್ಟರು, ಮಂಗಳವಾರ ಶುಕ್ರವಾರ ಬಿಟ್ಟು. ನಮ್ಮ ಕೋಳಿಗಳು ಮೊಟ್ಟೆಯಿಡುವ ಕಾಲಕ್ಕೆ ಅವನ್ನೆಲ್ಲ ಸಮಾಜಕ್ಕೇ ಒಪ್ಪಿಸಿದೆವು. ಬುಟ್ಟಿಗಳು ಗೇಟು ದಾಟುವಾಗ ಅತ್ತೆ, "ಅಲ್ಲಿ ಅವಕ್ಕೆ ಮೊಸರು ಹಾಕೋರು ಯಾರು?" ಎಂದು ಕೇಳಿದರು.

ಇದಾದ ಮೇಲೆ ಒಂದು ಬೆಳಿಗ್ಗೆ ನಾನು ಅಡಿಗೆ ಮನೆಗೆ ಕಾಲಿಟ್ಟವಳೇ ಮೂಗು ಮುಚ್ಚಿಕೊಂಡು ಹೊರಗೋಡಿದೆ. ಸುಧಾರಿಸಿಕೊಂಡು ಬಂದು, ಮೊರದಲ್ಲಿ ಅಕ್ಕಿ ಕೇರುತ್ತಿದ್ದ ಅತ್ತೆಯ ಮುಂದೆ ನಿಂತು, ಎಷ್ಟು ಸಾಧ್ಯವೋ ಅಷ್ಟು ನಾಚಿಕೊಂಡು, "ಅತ್ತೆ, ಯಾಕೋ ಎರಡು ಮೂರು ದಿನದಿಂದ ಮೊಸರಿನ ವಾಸನೆ ಬಂದರೇ ಆಗುತ್ತಿಲ್ಲ" ಎಂದೆ.

ಅತ್ತೆ ಮೊರದಿಂದ ತಲೆಯೆತ್ತಲಿಲ್ಲ. "ಈ ಸಲ ಏನ್ ತಂದೀಯ? ಬಾತುಕೋಳಿಯಾ?" ಎಂದರು.

ಸಂಜೆ ಯಜಮಾನರಿಗೆ ಹೇಳಿದೆ. ಅವರು ಎದ್ದು ಹೋಗಿ ಸೌದೆ ಕೋಣೆಯ ಬಾಗಿಲು ತೆಗೆದು ನೋಡಿಬಂದರು. ತಿಮ್ಮಕ್ಕ ಹುಣಿಸೆ ಚಿಗುರಿನ ಬದಲು, "ಎಷ್ಟವ್ವ ಈ ಸಲ, ನೂರಾ?" ಎಂದು ಕೇಳಿ ಹೋದಳು. ಸುಳ್ಳಿನ ಒಂದಕ್ಷರವನ್ನೂ ಆಡದೆ ಇಡೀ ಕಾಲೋನಿಯನ್ನು ನಂಬಿಸಿದ್ದ ನಾನು, ನಿಜ ಹೇಳಿ ಒಬ್ಬರನ್ನೂ ನಂಬಿಸಲಾರದೆ ಹೋದೆ. ಎರಡು ದಿನ ಮುನಿಸಿಕೊಂಡೆ. ಆಮೇಲೆ ಹಠ ಬಿಟ್ಟೆ. ಕೆಲವು ಸುದ್ದಿಗಳನ್ನು ನಾವು ಬಾಯಿಬಿಟ್ಟು ಹೇಳಬೇಕಾದ್ದಿಲ್ಲ. ಸುಮ್ಮನೆ ತಿರುಗಾಡಿಕೊಂಡಿದ್ದರೆ ಅವೇ ದಿನದಿನಕ್ಕೆ ನಮಗಿಂತ ಮುಂದೆ ಹೋಗಿ ಎದುರಿನವರಿಗೆ ಕಾಣಿಸುತ್ತವೆ.